ಟ್ರಾವೆಲ್ ಟ್ರೈಲರ್ ಎಳೆಯಲು ಪಿಕಪ್ ಕೊಳ್ಳುತ್ತಿದ್ದೀರಾ? ಮೊದಲು ಬಾಗಿಲು ತೆರೆದು ಆ ಹಳದಿ ಸ್ಟಿಕರ್ ಓದಿ

ಅಮೆರಿಕದಲ್ಲಿ ಮನೆಮಂದಿಯೆಲ್ಲ ಟ್ರಾವೆಲ್ ಟ್ರೈಲರ್, ಅಂದರೆ ಗಾಡಿಯ ಹಿಂದೆ ಎಳೆದೊಯ್ಯುವ ಪುಟ್ಟ ಮನೆ, ಕಟ್ಟಿಕೊಂಡು ನ್ಯಾಷನಲ್ ಪಾರ್ಕ್ ಸುತ್ತಬೇಕೆಂದು ಪಿಕಪ್ ನೋಡುತ್ತಿರುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಶೋರೂಮಿನಲ್ಲಿ ಮೊದಲು ಕಿವಿಗೆ ಬೀಳುವುದು ಟೋ ರೇಟಿಂಗ್, ಅಂದರೆ ಗಾಡಿ ಎಳೆಯಬಲ್ಲ ಗರಿಷ್ಠ ತೂಕ. "ಇದು 11,000 ಪೌಂಡ್ ಎಳೆಯುತ್ತೆ, ನಿಮ್ಮ 7,000 ಪೌಂಡ್ ಟ್ರೈಲರ್ ಯಾವ ಲೆಕ್ಕ" ಅನ್ನುತ್ತಾರೆ. ಆ ಒಂದು ಮಾತಿನ ಮೇಲೆ ದಯವಿಟ್ಟು ಸಹಿ ಹಾಕಬೇಡಿ. ಟೋ ರೇಟಿಂಗ್ ಲೆಕ್ಕ ಹಾಕುವ ಎಸ್ಎಇ ಜೆ2807 ಎಂಬ ಮಾನದಂಡದಲ್ಲಿ ಹಾಫ್ ಟನ್ (ದೊಡ್ಡ ಪಿಕಪ್‌ಗಳಲ್ಲಿ ಹಗುರ ವರ್ಗ) ಗಾಡಿಯೊಳಗೆ ಇರುವುದು ತಲಾ 150 ಪೌಂಡಿನ ಇಬ್ಬರು ಮತ್ತು ಅಲ್ಪಸ್ವಲ್ಪ ಸಾಮಾನು, ಅಷ್ಟೇ. ನಿಮ್ಮ ಸಂಸಾರ ಅದರಲ್ಲಿಲ್ಲ.

ಹಾಫ್ ಟನ್ ಪಿಕಪ್‌ಗಳಲ್ಲಿ, ಅಂದರೆ ಎಫ್-150, ರಾಮ್ 1500, ಸಿಲ್ವರಾಡೊ 1500, ಟಂಡ್ರಾ ವರ್ಗದಲ್ಲಿ, ಮೊದಲು ಮುಗಿದುಹೋಗುವುದು ಪೇಲೋಡ್, ಅಂದರೆ ಗಾಡಿ ತನ್ನ ಮೇಲೆ ಹೊರಬಲ್ಲ ಭಾರ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಹಳದಿ-ಬಿಳಿ ಸ್ಟಿಕರ್ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟನ್ನು ಮೀರಬಾರದು ಎಂದು ಕೆಜಿ, ಪೌಂಡ್ ಎರಡರಲ್ಲೂ ಬರೆದಿರುತ್ತದೆ. ಡ್ರೈವರ್ ತೂಕವೂ ಆ ಲೆಕ್ಕದಲ್ಲೇ ಸೇರುತ್ತದೆ. ಬ್ರೋಷರಿನಲ್ಲಿರುವುದು ಆ ಮಾಡೆಲ್ಲಿನ ಗರಿಷ್ಠ; ಸ್ಟಿಕರಿನಲ್ಲಿರುವುದು ನಿಮ್ಮೆದುರು ನಿಂತಿರುವ ಗಾಡಿಯದು. ಪನೋರಮಿಕ್ ಸನ್‌ರೂಫ್, ಫೋರ್ ವೀಲ್ ಡ್ರೈವ್, ಮೋಟಾರಿನ ಫುಟ್‌ಬೋರ್ಡು ಎಲ್ಲವೂ ಇದನ್ನೇ ತಿನ್ನುತ್ತವೆ. ಹೀಗಾಗಿ ಒಂದೇ ಮಾಡೆಲ್ಲಿನ ದುಬಾರಿ ಟ್ರಿಮ್ಮು (ಹೆಚ್ಚು ಸೌಲಭ್ಯದ ಆವೃತ್ತಿ) ಸಾಧಾರಣ ಟ್ರಿಮ್ಮಿಗಿಂತ ನೂರಾರು ಪೌಂಡ್ ಕಡಿಮೆ ಹೊರುತ್ತದೆ.

ಈಗ ಲೆಕ್ಕ ಹಾಕೋಣ. ಟ್ರೈಲರಿನ ಡ್ರೈ ವೇಟ್, ಅಂದರೆ ನೀರು-ಸಾಮಾನು ತುಂಬದ ಖಾಲಿ ತೂಕ, 5,400 ಪೌಂಡ್ ಅಂತಿರಲಿ. ನೀರು ಒಂದು ಗ್ಯಾಲನ್‌ಗೆ 8.3 ಪೌಂಡ್, 40 ಗ್ಯಾಲನ್ ಟ್ಯಾಂಕ್ ತುಂಬಿದರೆ 332. ಎರಡು ಸಿಲಿಂಡರಿನ ಪ್ರೊಪೇನ್, ಬ್ಯಾಟರಿ, ಹಾಸಿಗೆ, ಪಾತ್ರೆ, ಕುಕ್ಕರು, ಒಂದು ವಾರದ ದಿನಸಿ ಸೇರಿದರೆ ಆರಾಮಾಗಿ 6,600 ಆಗುತ್ತದೆ. ಅದರ 10ರಿಂದ 15 ಶೇಕಡಾ ಭಾರ ಹಿಚ್ಚಿನ (ಗಾಡಿಗೆ ಟ್ರೈಲರ್ ಸಿಕ್ಕಿಸುವ ಕೊಂಡಿಯ) ಮೇಲೆ ಕೂರಬೇಕು. ಅದೇ ಟಂಗ್ ವೇಟ್. 13 ಶೇಕಡಾ ಹಿಡಿದರೆ ಸುಮಾರು 860 ಪೌಂಡ್. ಸ್ಟಿಕರಿನಲ್ಲಿ 1,500 ಇದ್ದರೆ ಉಳಿದದ್ದು 640. ಟಂಗ್ ಭಾರವನ್ನು ಬಾರ್‌ಗಳ ಮೂಲಕ ಎಲ್ಲ ಆಕ್ಸಲ್‌ಗಳಿಗೂ ಹಂಚುವ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಸುಮಾರು 90, ಅಲ್ಲಿಗೆ 550. ಗಂಡ, ಹೆಂಡತಿ, ಇಬ್ಬರು ಮಕ್ಕಳು 460 ತೂಗಿದರೆ ಮಿಕ್ಕಿದ್ದು 90. ಊರಿಂದ ಬಂದ ಅಪ್ಪ-ಅಮ್ಮನನ್ನು ಆರು ಸೀಟಿನ ಗಾಡಿಯೆಂದು ಕೂರಿಸಿಕೊಂಡಿರೋ, ಮಿತಿ ದಾಟಿ ಸುಮಾರು 200 ಪೌಂಡ್ ಮುಂದೆ ಹೋಯಿತು. ಪಿಕಪ್ಪಿನ ಹಿಂದಿನ ತೆರೆದ ತೊಟ್ಟಿಯಲ್ಲಿ ಜನರೇಟರ್, ಕೂಲರ್, ಸೌದೆ ಇನ್ನೂ ಇಟ್ಟೇ ಇಲ್ಲ. ಟೋ ರೇಟಿಂಗಿನಲ್ಲಿ ಮಾತ್ರ ಇನ್ನೂ 4,400 ಪೌಂಡ್ ಜಾಗ ಇದೆ!

ಇಲ್ಲಿ ಜನ ಎರಡು ತಪ್ಪು ಮಾಡುತ್ತಾರೆ. ಮೊದಲನೆಯದು, ಹಿಂಭಾಗ ಕುಸಿಯದಿರಲಿ ಎಂದು ಸಸ್ಪೆನ್ಷನ್ನಿಗೆ ಆಸರೆಯಾಗಿ ಗಾಳಿ ತುಂಬಿದ ಹೆಲ್ಪರ್ ಏರ್‌ಬ್ಯಾಗ್ ಹಾಕಿಸುವುದು. ಗಾಡಿ ಮಟ್ಟಸವಾಗಿ ಕಾಣುತ್ತದೆ ನಿಜ, ಆದರೆ ಆಕ್ಸಲ್, ಬ್ರೇಕ್, ಟೈರ್ ಹಳೆಯವೇ; ಪೇಲೋಡ್ ಒಂದು ಪೌಂಡೂ ಹೆಚ್ಚುವುದಿಲ್ಲ. ಎರಡನೆಯದು ಇನ್ನೂ ಅಪಾಯದ್ದು: ಟಂಗ್ ವೇಟ್ ಇಳಿಸಲು ಸಾಮಾನನ್ನು ಟ್ರೈಲರಿನ ಹಿಂಭಾಗಕ್ಕೆ ಸರಿಸುವುದು, ಹಿಂದಿನ ಬಂಪರಿಗೆ ಸೈಕಲ್ ನೇತುಹಾಕುವುದು. ಮೂತಿ ಹಗುರಾದ ಟ್ರೈಲರ್ ಪಕ್ಕದಲ್ಲಿ ಲಾರಿ ಹಾದರೆ ಸಾಕು, ಬಾಲ ಬೀಸತೊಡಗುತ್ತದೆ. ಹಾಗಾದಾಗ ಸ್ಟೀರಿಂಗ್ ನೇರ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಬ್ರೇಕ್ ಕಂಟ್ರೋಲರಿನ (ಡ್ರೈವರ್ ಸೀಟಿನಿಂದಲೇ ಟ್ರೈಲರಿನ ಬ್ರೇಕ್ ನಡೆಸುವ ಸಾಧನದ) ಲಿವರಿನಿಂದ ಟ್ರೈಲರ್ ಬ್ರೇಕ್ ಮಾತ್ರ ಒತ್ತಬೇಕು. ಆದ್ದರಿಂದ ಬ್ರೇಕ್ ಕಂಟ್ರೋಲರ್ ಗಾಡಿಯಲ್ಲೇ ಜೋಡಿಸಿ ಬಂದಿರುವ ಟೋ ಪ್ಯಾಕೇಜ್ ಕೇಳಿ ತೆಗೆದುಕೊಳ್ಳಿ. ಹಿಚ್ ತೂರಿಸುವ ಗಾಡಿಯ ಹಿಂಬದಿಯ ಚೌಕ ಕೊಳವೆ, ಅಂದರೆ ರಿಸೀವರಿನ, ಕೆಳಗಿನ ಲೇಬಲ್ಲನ್ನೂ ಬಗ್ಗಿ ಓದಿ. ಎಷ್ಟೋ ಹಾಫ್ ಟನ್‌ಗಳಲ್ಲಿ ವೇಟ್ ಡಿಸ್ಟ್ರಿಬ್ಯೂಷನ್ ಇಲ್ಲದ ಬರೀ ಬಾಲ್ ಹಿಚ್‌ಗೆ 5,000 ಪೌಂಡ್ ಟ್ರೈಲರ್, 500 ಪೌಂಡ್ ಟಂಗ್ ಅಷ್ಟೇ ಮಿತಿ.

ಹಾಗಾದರೆ ಹಾಫ್ ಟನ್‌ಗಿಂತ ಒಂದು ಮೆಟ್ಟಿಲು ಮೇಲಿನ ಮುಕ್ಕಾಲು ಟನ್ ವರ್ಗದ ಡೀಸೆಲ್ ಪಿಕಪ್ ಕೊಂಡರೆ ಮುಗಿಯಿತಲ್ಲ ಅನ್ನಬಹುದು. ಅಲ್ಲೂ ಸ್ಟಿಕರ್ ನೋಡದೆ ಆಗುವುದಿಲ್ಲ. ಡೀಸೆಲ್ ಎಂಜಿನ್ ಪೆಟ್ರೋಲಿನದಕ್ಕಿಂತ ನೂರಾರು ಪೌಂಡ್ ಹೆಚ್ಚು ಭಾರ. ಗಾಡಿಯ ಒಟ್ಟು ತೂಕದ ಮಿತಿ, ಅಂದರೆ ಜಿವಿಡಬ್ಲ್ಯೂಆರ್, 10,000ಕ್ಕೇ ನಿಂತಿದ್ದರೆ ಆ ಭಾರವನ್ನು ಪೇಲೋಡಿನಿಂದಲೇ ಕಳೆಯಬೇಕು. 7,000-8,000 ಪೌಂಡಿನ ಟ್ರೈಲರಿಗೆ, ವರ್ಷಕ್ಕೆ ನಾಲ್ಕೈದು ಪ್ರವಾಸಕ್ಕೆ, ಪೆಟ್ರೋಲಿನ ಮುಕ್ಕಾಲು ಟನ್, ಅಂದರೆ ಎಫ್-250 ಅಥವಾ 2500 ವರ್ಗವೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಎಂಜಿನ್ ವಿಚಾರ ಹೆಚ್ಚಿಲ್ಲ. ಟರ್ಬೊ ಇಲ್ಲದ್ದು ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು 3 ಶೇಕಡಾ ಶಕ್ತಿ ಕಳೆದುಕೊಳ್ಳುತ್ತದೆ. ಕೊಲೊರಾಡೊದ ಐಸೆನ್‌ಹೋವರ್ ಸುರಂಗ 11,000 ಅಡಿಗೂ ಮೇಲಿದೆ; ಅಲ್ಲಿ ಮೂರನೇ ಒಂದು ಪಾಲು ಹೋಯಿತೆಂದೇ ಲೆಕ್ಕ. ಬೆಟ್ಟದ ಕಡೆ ಹೆಚ್ಚು ಹೋಗುವವರು ಟರ್ಬೊ ತೆಗೆದುಕೊಳ್ಳಿ. ಇಳಿಜಾರಿನಲ್ಲಿ ಟೋ-ಹಾಲ್ ಮೋಡ್ ಹಾಕಿ ಗೇರಿನಲ್ಲೇ ವೇಗ ತಡೆಯಿರಿ, ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಎಲೆಕ್ಟ್ರಿಕ್ ಪಿಕಪ್ ಚೆನ್ನಾಗಿಯೇ ಎಳೆಯುತ್ತದೆ, ಆದರೆ ದೊಡ್ಡ ಟ್ರೈಲರ್ ಹಿಂದಿದ್ದರೆ ರೇಂಜ್ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ಕೊಂಡ ಮೇಲೆ ಒಮ್ಮೆ ತೂಕ ಹಾಕಿಸಿ. ಟ್ರಕ್ ಸ್ಟಾಪಿನಲ್ಲಿರುವ ಕ್ಯಾಟ್ ಸ್ಕೇಲ್ ಎಂಬ ಲಾರಿ ತೂಗುವ ಯಂತ್ರ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೈಲರ್ ಮೂರನ್ನೂ ಬೇರೆಬೇರೆ ತೋರಿಸುತ್ತದೆ. ಹಿಚ್ಚಿನ ಬಾರ್ ಬಿಗಿದು ಒಮ್ಮೆ, ಬಾರ್ ತೆಗೆದು ಒಮ್ಮೆ, ಟ್ರೈಲರ್ ಬಿಚ್ಚಿ ಗಾಡಿಯೊಂದನ್ನೇ ಒಮ್ಮೆ. ಮೂರು ಸಲವೂ ಅದೇ ಜನ, ಅದೇ ಸಾಮಾನು ಇರಬೇಕು. ಮೊದಲ ಚೀಟಿಯ ಆಕ್ಸಲ್ ತೂಕಗಳನ್ನು ಬಾಗಿಲಿನ ಲೇಬಲ್ಲಿನ ಮಿತಿಗಳ ಜೊತೆ ಹೋಲಿಸಿ. ಎರಡನೆಯದರ ಮುಂದಿನ-ಹಿಂದಿನ ಆಕ್ಸಲ್ ಕೂಡಿಸಿ, ಅದರಿಂದ ಮೂರನೆಯ ಚೀಟಿಯ ಮೊತ್ತ ಕಳೆದರೆ ಸಿಗುವುದೇ ನಿಮ್ಮ ನಿಜವಾದ ಟಂಗ್ ವೇಟ್.