ನವೆಯ ನಡುವೆ ಒಂದು ಸ್ವೆಟರ್

ಸ್ವೆಟರ್ ಹೆಣೆಯುವವರ ಕೈಯಲ್ಲಿ ನವೆ ಕಾಣಿಸಿಕೊಂಡರೆ ಸುತ್ತಲಿನವರೆಲ್ಲ ಕೊಡುವ ಸಲಹೆ ಒಂದೇ: ‘ಹೆಣೆಯುವುದನ್ನು ಬಿಟ್ಟುಬಿಡಿ.’ ಹೇಳುವವರಿಗೆ ಅದು ಸುಲಭ. ಬೆನ್ನಿನ ಭಾಗ ಮುಗಿದು, ಒಂದು ತೋಳು ಮೊಣಕೈವರೆಗೆ ಬಂದಿರುವ ಸ್ವೆಟರನ್ನು ಕಡ್ಡಿಯ ಮೇಲೆಯೇ ಬಿಟ್ಟು ಎದ್ದುಹೋಗುವಷ್ಟು ವೈರಾಗ್ಯ ಈ ಹುಚ್ಚು ಹಿಡಿದವರಲ್ಲಿ ಇರುವುದಿಲ್ಲ. ಅವರು ಬದನೆಕಾಯಿ ನಂಜೆಂದು ಬಿಡುತ್ತಾರೆ, ಮೈಸೋಪು ಬದಲಿಸುತ್ತಾರೆ, ಬಟ್ಟೆ ಒಗೆಯುವ ಪುಡಿಯನ್ನು ಶಂಕಿಸುತ್ತಾರೆ. ಮಡಿಲಲ್ಲಿ ಉರುಳಾಡುತ್ತಿರುವ ದಾರದ ಉಂಡೆಯ ಮೇಲೆ ಮಾತ್ರ ಕೊನೆಯವರೆಗೂ ಅನುಮಾನ ಪಡುವುದಿಲ್ಲ. ನಾನೂ ಆ ಪಂಗಡದವಳೇ.

ನಮ್ಮತ್ತೆಯವರ ರೋಗನಿರ್ಣಯ ಇನ್ನೂ ಸರಳ. ಮುಂಗೈಯ ಗಂಧೆಗಳನ್ನು ಒಮ್ಮೆ ನೋಡಿದವರೇ, ‘ಪಿತ್ತ ಕಣೇ ಇದು. ದೊಡ್ಡಪತ್ರೆ ಉಜ್ಜಿಕೊಂಡು ಕಂಬಳಿ ಹೊದ್ದು ಮಲಕ್ಕೋ’ ಎಂದರು. ಉಣ್ಣೆಯಿಂದ ಬಂದಿರಬಹುದಾದ ನವೆಗೆ ಉಣ್ಣೆಯನ್ನೇ ಹೊದೆಸುವ ಈ ಚಿಕಿತ್ಸೆಯ ಧೈರ್ಯವನ್ನು ಮೆಚ್ಚಬೇಕು. ಅದೂ ಚಳ್ಳಕೆರೆ ಕಡೆಯ ಕಂಬಳಿ. ದಖನಿ ಕುರಿಯ ಒರಟು ಉಣ್ಣೆಯನ್ನು ನೂತು, ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಕುಡಿಸಿ ನೇಯ್ದದ್ದು. ತಾನು ಮೆತ್ತಗಿದ್ದೇನೆಂದು ಅದು ಯಾರಿಗೂ ಮಾತು ಕೊಟ್ಟಿಲ್ಲ. ಕಂಬಳಿಯ ಮೇಲೆ ಕುಳಿತು ಉಣ್ಣುವಾಗ ಕೂದಲು ಬಂತೆಂದು ದೂರಬಾರದೆಂಬ ಗಾದೆಯನ್ನು ಹೆಣೆಯುವವರೂ ನೆನಪಿಟ್ಟುಕೊಳ್ಳಬೇಕು.

ಹಾಗೆಂದು ಎಲ್ಲ ತಪ್ಪನ್ನೂ ಕುರಿಯ ಮೇಲೆ ಹೊರಿಸುವುದು ಅನ್ಯಾಯ. ಫ್ಯಾನ್ಸಿ ಸ್ಟೋರುಗಳಲ್ಲಿ ‘ಉಲ್ಲನ್’ ಎಂದು ಮಾರುವ ಬಣ್ಣಬಣ್ಣದ ಲಡಿಗಳಲ್ಲಿ ಬಹಳಷ್ಟು ಅಕ್ರಿಲಿಕ್ ಎಂಬ ಕೃತಕ ದಾರ. ಅವುಗಳಿಗೂ ಕುರಿಗೂ ಯಾವ ಸಂಬಂಧವೂ ಇಲ್ಲ. ಇನ್ನು ನಿಜವಾದ ಉಣ್ಣೆ ತರುವ ತುರಿಕೆಯೂ ಹೆಚ್ಚಿನ ಸಲ ಅಲರ್ಜಿಯಲ್ಲ, ಬರಿಯ ಚುಚ್ಚುವಿಕೆ. ಚರ್ಮಕ್ಕೆ ಒತ್ತಿದಾಗ ತೆಳುವಾದ ಎಳೆಯ ತುದಿ ಬಾಗುತ್ತದೆ, ದಪ್ಪ ಎಳೆ ಬಾಗದೆ ನೆಟ್ಟಗೆ ನಿಂತು ಚುಚ್ಚುತ್ತದೆ. ಸುಮಾರು 30 ಮೈಕ್ರಾನಿಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪನೆಯ ಎಳೆಗಳು ನೂರಕ್ಕೆ ಐದರಷ್ಟು ಬೆರೆತಿದ್ದರೂ ಸಾಕು, ಕುತ್ತಿಗೆ ಅದನ್ನು ಪತ್ತೆಹಚ್ಚುತ್ತದೆ. ಮೆರಿನೋ ಕುರಿಯ ಒಳ್ಳೆಯ ಎಳೆಗಳ ಸರಾಸರಿ ದಪ್ಪ 20 ಮೈಕ್ರಾನಿನ ಆಸುಪಾಸಿನಲ್ಲಿ, ಪಶ್ಮಿನಾದ್ದು 16ರ ಒಳಗೆ ಇರುವುದರಿಂದಲೇ ಅವು ಮೈಗೆ ಹಿತ, ಪರ್ಸಿಗೆ ಅಹಿತ.

ನಿಜವಾದ ಅಲರ್ಜಿಯ ವಿಷಯಕ್ಕೆ ಬಂದರೆ ನನ್ನ ಹೆಣಿಗೆಯ ಚೀಲದ ಬಗ್ಗೆ ನನಗೆ ಹೆಮ್ಮೆಯೇ ಆಗುತ್ತದೆ. ಸ್ಪರ್ಶದಿಂದ ಬರುವ ಚರ್ಮರೋಗಗಳ ತಜ್ಞರ ಅಮೆರಿಕದ ಸಂಘವು ಪ್ರತಿವರ್ಷ ಒಂದು ವಸ್ತುವನ್ನು ‘ವರ್ಷದ ಅಲರ್ಜಿಕಾರಕ’ ಎಂದು ಘೋಷಿಸುತ್ತದೆ. 2000ದಲ್ಲಿ ಆ ಪಟ್ಟ ಪಾಲಿಯೆಸ್ಟರಿನಂಥ ದಾರಕ್ಕೆ ಹಾಕುವ ಡಿಸ್ಪರ್ಸ್ ಬ್ಲೂ ಬಣ್ಣಗಳಿಗೆ ಸಿಕ್ಕಿತು, 2008ರಲ್ಲಿ ನಿಕ್ಕಲ್ ಲೋಹಕ್ಕೆ, 2023ರಲ್ಲಿ ಕುರಿಯ ಉಣ್ಣೆಯ ಜಿಡ್ಡಾದ ಲ್ಯಾನೊಲಿನ್‌ಗೆ. ಮೂವರು ಪ್ರಶಸ್ತಿ ವಿಜೇತರೂ ಒಂದೇ ಚೀಲದಲ್ಲಿ ಒಟ್ಟಿಗೆ ಇರಬಲ್ಲರು. ಇವರಲ್ಲಿ ಲ್ಯಾನೊಲಿನ್ ಮಹಾಕಪಟಿ. ಕಾರ್ಖಾನೆಯಲ್ಲಿ ಉಣ್ಣೆ ತೊಳೆಯುವಾಗ ಹೊರಬರುವ ಈ ಜಿಡ್ಡು ತುಟಿಗೆ ಹಚ್ಚುವ ಮುಲಾಮಿಗೂ ಒಡೆದ ಹಿಮ್ಮಡಿಯ ಮುಲಾಮಿಗೂ ಸೇರುತ್ತದೆ. ಆದ್ದರಿಂದ ಉಣ್ಣೆ ಮುಟ್ಟಿ ಕೆಂಪಾದ ಬೆರಳಿಗೆ ಶಮನಕ್ಕೆಂದು ಹಚ್ಚಿಕೊಂಡ ಮುಲಾಮಿನಲ್ಲಿಯೂ ಅದೇ ಕುರಿ ಕಾದು ಕುಳಿತಿರಬಹುದು.

ಅಪರಾಧಿಯನ್ನು ಹಿಡಿಯಲು ಮೊದಲು ಗಾಯದ ಜಾಗವನ್ನು ಓದಬೇಕು. ಎಡಗೈಯ ತೋರುಬೆರಳಿನ ಪಕ್ಕದಲ್ಲಿ, ದಾರ ಸುತ್ತಿ ಹಾಯುವಲ್ಲಿಯೇ ಒಂದು ಸಣ್ಣ ಕೆಂಪು ಗೆರೆ ಎದ್ದು, ಅದರ ಮೇಲೆ ರವೆಯಂಥ ಗುಳ್ಳೆಗಳಿದ್ದರೆ ಸಂಶಯ ದಾರದ ಮೇಲೆ. ಕಡ್ಡಿಯ ಹಿಂಬದಿ ಒತ್ತುವ ಅಂಗೈಯಲ್ಲಿ ನವೆಯಾದರೆ ಸಂಶಯ ನಿಕ್ಕಲ್ ಲೇಪದ ಕಡ್ಡಿಯ ಮೇಲೆ. ಗಿಲೀಟಿನ ಓಲೆ ಹಾಕಿದರೆ ಕಿವಿ ಸೋರುವವರು ದಾರವನ್ನು ಬಯ್ಯುವ ಮುನ್ನ ಬಿದಿರಿನ ಕಡ್ಡಿಗೆ ಬದಲಾಯಿಸಿ ನೋಡುವುದು ಮೇಲು. ಆದರೆ ಈ ಪತ್ತೇದಾರಿಕೆಗೆ ಒಂದು ತೊಡಕಿದೆ. ಚುಚ್ಚುವಿಕೆ ಆ ಕ್ಷಣವೇ ತಿಳಿಯುತ್ತದೆ, ಸ್ಪರ್ಶದಿಂದ ಬರುವ ಅಲರ್ಜಿಯಾದರೋ ಒಂದೆರಡು ದಿನ ತಡವಾಗಿ ತಲೆಯೆತ್ತುತ್ತದೆ. ಸೋಮವಾರ ಹೆಣೆದ ನೀಲಿಯ ಕರ್ಮವನ್ನು ಬುಧವಾರ ಕೈಯಲ್ಲಿರುವ ಪಾಪದ ಹಳದಿ ಅನುಭವಿಸಬೇಕಾಗುತ್ತದೆ. ಚರ್ಮದ ವೈದ್ಯರು ಮಾಡುವ ಪ್ಯಾಚ್ ಪರೀಕ್ಷೆಯಲ್ಲಿಯೂ ಬೆನ್ನಿಗೆ ಅಂಟಿಸಿದ ಪಟ್ಟಿಗಳನ್ನು 48 ಗಂಟೆಗಳ ಕಾಲ ಬಿಡುವುದು, ತೆಗೆದ ಮೇಲೆ ಮತ್ತೊಂದೆರಡು ದಿನ ಬಿಟ್ಟು ಪುನಃ ನೋಡುವುದು ಇದೇ ಕಾರಣಕ್ಕೆ. ಅಷ್ಟು ದಿನ ಬೆನ್ನಿಗೆ ನೀರು ಸೋಕಿಸುವಂತಿಲ್ಲ. ಏಪ್ರಿಲ್ ತಿಂಗಳಿನಲ್ಲಿ ಯಾರೂ ಈ ಪರೀಕ್ಷೆಗೆ ಒಪ್ಪಿಕೊಳ್ಳಬಾರದೆಂದು ನನ್ನ ಅಭಿಪ್ರಾಯ.

ಈಗ ನಮ್ಮ ಮನೆಯಲ್ಲಿ ಹೊಸ ದಾರ ಬಂದರೆ ನೇರವಾಗಿ ಕಡ್ಡಿ ಏರುವುದಿಲ್ಲ. ಲಡಿಯನ್ನು ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರು ಬೆಚ್ಚಗಿನ ನೀರಿನಲ್ಲಿ ಸೌಮ್ಯವಾದ ಸೋಪು ಕದಡಿ ನೆನೆಹಾಕುತ್ತೇನೆ; ಹೆಚ್ಚುವರಿ ಬಣ್ಣ ಮತ್ತು ದೂಳು ಬಿಟ್ಟ ನೀರನ್ನು ನೋಡಿದಾಗ ಅದನ್ನು ಹಾಗೆಯೇ ಬೆರಳಿಗೆ ಸುತ್ತಿಕೊಂಡಿದ್ದ ಕಾಲ ನೆನೆದು ಮೈ ಜುಮ್ಮೆನ್ನುತ್ತದೆ. ಅಂಗೋರಾ ಮೊಲದ ತುಪ್ಪಳಕ್ಕೆ ಈ ಉಪಚಾರವೂ ಸಾಲದು. ಅದರ ನವಿರು ಕೂದಲು ಗಾಳಿಯಲ್ಲಿ ಹಾರಿ ಮೂಗು ಸೇರುವುದರಿಂದ ಅದನ್ನು ಅಂಗಡಿಯಲ್ಲಿಯೇ ನೋಡಿ, ಸವರದೆ, ಸೀನುವ ಮುನ್ನ ಹೊರಟುಬಿಡುತ್ತೇನೆ. ಹುಟ್ಟಲಿರುವ ಮಗುವಿನ ಕುಲಾವಿಗೆ ಹತ್ತಿಯ ದಾರವನ್ನೇ ಬಳಸುತ್ತೇನೆ. ಮಗುವಿಗೆ ತುರಿಸಿದರೆ ಅದು ಅಳಬಲ್ಲದೇ ಹೊರತು ಕುಲಾವಿಯ ಹೆಸರು ಹೇಳಲಾರದು.

ಬೂದುಬಣ್ಣದ ಒಂದು ಉಣ್ಣೆಯನ್ನು ಎಷ್ಟು ತೊಳೆದರೂ ಕೈ ಒಪ್ಪಿಕೊಳ್ಳದಿದ್ದಾಗ ಅಷ್ಟೂ ಉಂಡೆಗಳನ್ನು ನಮ್ಮ ಅತ್ತಿಗೆಗೆ ದಾನ ಮಾಡಿದೆ. ಅವರದು ಗಟ್ಟಿ ಚರ್ಮ, ಏನೂ ಆಗಲಿಲ್ಲ. ಸಂಕ್ರಾಂತಿಯ ದಿನ ಎಳ್ಳು ಬೀರಲು ಬಂದವರು ಅದೇ ಉಣ್ಣೆಯಲ್ಲಿ ಹೆಣೆದ ಮಫ್ಲರನ್ನು ಪ್ರೀತಿಯಿಂದ ನನ್ನ ಕುತ್ತಿಗೆಗೇ ಸುತ್ತಿದರು. ಅವರ ಮನೆಗೆ ಹೋಗುವಾಗಲೆಲ್ಲ ಒಳಗೊಂದು ಹತ್ತಿಯ ದುಪಟ್ಟಾ ಸುತ್ತಿ, ಮೇಲೆ ಅದನ್ನು ಹೊದ್ದು ಹೋಗುತ್ತೇನೆ. ಮೆಚ್ಚಿಕೊಂಡೆನೆಂದು ತಿಳಿದು ಈಗ ಜೊತೆಗೊಂದು ಟೋಪಿ ಹೆಣೆಯುತ್ತಿದ್ದಾರಂತೆ.