ಐನೋರೆ ತಡೀರಿ, ಫೋಕಸ್ ಸಿಗವಲ್ದು

ಮುಹೂರ್ತ ನೋಡಿ ಕೊಟ್ಟವರು ಐನೋರು. ಅದನ್ನು ಕಾಲು ಗಂಟೆ ಮುಂದಕ್ಕೆ ಹಾಕಿದವನು ಡ್ರೋನ್ ಬ್ಯಾಟರಿಯನ್ನು ಚಾರ್ಜ್‌ಗೆ ಇಟ್ಟಿದ್ದ ಹುಡುಗ. ಕೊಪ್ಪಳ, ಗಂಗಾವತಿ, ಸಿರುಗುಪ್ಪ, ಎಲ್ಲಿಯ ಕಲ್ಯಾಣ ಮಂಟಪಕ್ಕಾದರೂ ಹೋಗಿ ನೋಡಿ, ಇದೇ ಪದ್ಧತಿ. ರಾಹುಕಾಲಕ್ಕೆ ಹೆದರುತ್ತಿದ್ದವರು ಈಗ ಬ್ಯಾಟರಿಗೆ ಹೆದರುತ್ತಾರೆ.

ಹಾಗಾಗಿ ಮದುವೆಗೆ ಒಳ್ಳೆ ಫೋಟೊಗ್ರಾಫರ್‌ನನ್ನು ಆರಿಸುವುದು ಹೇಗೆ ಅಂತ ಎಲ್ಲರೂ ಎಲ್ಲರಿಗೂ ಸಲಹೆ ಕೊಡುತ್ತಿದ್ದಾರೆ. ನಂದೂ ಒಂದಿರಲಿ. ಆರಿಸಲು ಹೋಗಲೇಬೇಡಿ. ಅವನ ಡೇಟ್ ಖಾಲಿ ಇದ್ದ ದಿನವೇ ಲಗ್ನ ಇಟ್ಟುಕೊಳ್ಳಿ. ಐನೋರು ಹೇಗೋ ಹೊಂದಿಸಿಕೊಳ್ಳುತ್ತಾರೆ, ಪಾಪ.

ಅವನು ಒಬ್ಬನೇ ಬರುವುದಿಲ್ಲ. ಟ್ರೆಡಿಷನಲ್ ಫೋಟೊಗೆ ಒಬ್ಬ, ವಿಡಿಯೊಗೆ ಒಬ್ಬ, ಸಿನಿಮ್ಯಾಟಿಕ್‌ಗೆ ಒಬ್ಬ, ಕ್ಯಾಂಡಿಡ್‌ಗೆ ಇನ್ನೊಬ್ಬ. ಈ ಕ್ಯಾಂಡಿಡ್‌ನವನು ಭಾರಿ ಶಾಣ್ಯಾ. ಮದುಮಗಳ ಗದ್ದ ಹಿಡಿದು ಎತ್ತಿ, 'ಅಕ್ಕಾ, ನನ್ನ ಕಡೆ ನೋಡಬ್ಯಾಡ್ರಿ, ಸುಮ್ನ ನಗ್ರಿ' ಅಂತ ಹೇಳಿ ಹೇಳಿ, ಅವಳಿಗೆ ಗೊತ್ತೇ ಆಗದ ಹಾಗೆ ಫೋಟೊ ತೆಗೆಯುತ್ತಾನೆ.

ಫಿಲ್ಮ್ ರೀಲಿನ ಕಾಲದಲ್ಲಿ ಹೀಗಿರಲಿಲ್ಲ. ಒಂದು ರೀಲಿಗೆ 36 ಫೋಟೊ. ಸ್ಟುಡಿಯೊದವನಿಗೂ ಜೀವ ಹಿಡಿದುಕೊಂಡೇ ಕ್ಲಿಕ್ ಮಾಡಬೇಕಿತ್ತು. ಬೇಡದ ಬೀಗರು ತಲೆ ಬಾಚಿಕೊಂಡು ಬಂದು ಸಾಲಾಗಿ ನಿಂತರೆ ಬರೀ ಫ್ಲಾಷ್ ಹೊಡೆದು ಕಳಿಸಿಬಿಡುತ್ತಿದ್ದ. ಅವರಿಗೂ ಸಮಾಧಾನ, ಮದುವೆ ಮನೆಗೂ ಉಳಿತಾಯ. ಎಷ್ಟು ಸಂಬಂಧಗಳನ್ನು ಆ ಖಾಲಿ ಫ್ಲಾಷ್ ಉಳಿಸಿದೆಯೋ! ಈಗ ಎಲ್ಲರ ಫೋಟೊನೂ ಬರುತ್ತೆ, ಸಾವಿರಗಟ್ಟಲೆ. ಹಾರ್ಡ್ ಡಿಸ್ಕ್‌ನಲ್ಲಿ. ಆ ಡಿಸ್ಕ್ ಬೀರುವಿನಲ್ಲಿ, ಹಳೇ ರೇಷನ್ ಕಾರ್ಡಿನ ಕೆಳಗೆ.

ಪ್ರಿವೆಡ್ಡಿಂಗ್ ಬಗ್ಗೆ ಹೇಳದಿದ್ದರೆ ಪಾಪ ಸುತ್ತಿಕೊಳ್ಳುತ್ತೆ. 2024ರಲ್ಲಿ ಪಕ್ಕದ ಚಿತ್ರದುರ್ಗ ಜಿಲ್ಲೆಯ ಭರಮಸಾಗರದಲ್ಲಿ ಏನಾಯ್ತು, ನಿಮಗೆ ಗೊತ್ತೇ ಇದೆ. ಸರ್ಕಾರಿ ಆಸ್ಪತ್ರೆಯ ಆಪರೇಷನ್ ಥಿಯೇಟರ್‌ನಲ್ಲೇ ಶೂಟಿಂಗ್ ಮಾಡಿ ಡಾಕ್ಟರ್ ಸಾಹೇಬರು ಕೆಲಸ ಕಳೆದುಕೊಂಡರು. ಊರೆಲ್ಲ ಬೈದರು. ನನಗೆ ಮಾತ್ರ ಮೆಚ್ಚುಗೆ. ಕೊನೆಗೆ ಅಲ್ಲಿ ನೆರಳಾದರೂ ಇತ್ತು. ನಮ್ಮ ಹುಡುಗರು ಏಪ್ರಿಲ್ ಬಿಸಿಲಿನಲ್ಲಿ ಸಾಣಾಪುರದ ಬಂಡೆ ಮೇಲೆ ಕೋಟು ಹಾಕಿಕೊಂಡು ನಿಲ್ಲುತ್ತಾರೆ. ಹುಡುಗಿಯ ಗೌನಿನ ಬಾಲ ಹಿಡಿದು ಹಾರಿಸಲು ಒಬ್ಬ, ಹಾರಿಸಿದ ಕೂಡಲೇ ಓಡಿ ಫ್ರೇಮಿನಿಂದ ಮರೆಯಾಗಲೂ ಅವನೇ. ಬಣ್ಣದ ಹೊಗೆ ಬೇರೆ. ಬೆನ್ನೆಲ್ಲ ಬೆವರಿನ ಧಾರೆ, ಮುಖದಲ್ಲಿ ಪ್ರೇಮ.

2016ರ ನವೆಂಬರ್‌ನಲ್ಲಿ, ನೋಟು ಬಂದಾದ ಮರುವಾರವೇ, ಬಳ್ಳಾರಿಯ ಗಣಿ ಧಣಿಗಳು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮಗಳ ಮದುವೆ ಮಾಡಿದ್ದರಲ್ಲ, ಲಗ್ನಪತ್ರಿಕೆಯಲ್ಲೇ ವಿಡಿಯೊ ಓಡುತ್ತಿತ್ತು. ಹಂಪಿಯ ಸೆಟ್ ಹಾಕಿಸಿದ್ದರು. ಆಗ ನಾವೆಲ್ಲ ಬಾಯಿ ಬಾಯಿ ಬಡಿದುಕೊಂಡೆವು. ಈಗ ಓಣಿಯ ಕಿರಾಣಿ ಅಂಗಡಿಯವರ ಮನೆ ಮದುವೆಗೂ ಟೀಸರ್ ಬಿಡುಗಡೆ ಆಗುತ್ತೆ. ಸೆಟ್ಟಿನ ಖರ್ಚೂ ಇಲ್ಲ. ನಿಜವಾದ ಹಂಪಿ ಒಂದು ಬಸ್ಸಿನ ದೂರ. ಅಲ್ಲಿ ಶೂಟಿಂಗ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು, 250 ಗ್ರಾಂ ಮೀರಿದ ಡ್ರೋನ್ ಹಾರಿಸಿ ದುಡ್ಡು ಮಾಡುವವನಿಗೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು. ಕೇಳಿ ನೋಡಿ. 'ಎಲ್ಲಾ ಅಡ್ಜಸ್ಟ್ ಐತ್ರಿ' ಅನ್ನುತ್ತಾನೆ.

ಇನ್ನೂ ಆರಿಸಲೇಬೇಕು ಅನ್ನುವ ಹಟ ಇದ್ದರೆ ಮೂರು ನಿಮಿಷದ ಹೈಲೈಟ್ಸ್ ನೋಡಿ ಮರುಳಾಗಬೇಡಿ. ಒಂದು ಮದುವೆಯ ಪೂರ್ತಿ ಆಲ್ಬಮ್ ತೋರಿಸಪ್ಪಾ ಅನ್ನಿ. ಅಡ್ವಾನ್ಸ್ ತಗೊಂಡವನೇ ಮದುವೆ ದಿನ ಬರುತ್ತಾನಾ, ಇಲ್ಲ ಹುಡುಗರನ್ನು ಕಳಿಸುತ್ತಾನಾ, ಆಲ್ಬಮ್ ಯಾವ ತಿಂಗಳು ಕೊಡುತ್ತಾನೆ, ಎಲ್ಲಾ ಬರೆಸಿಕೊಳ್ಳಿ. ಬರೆದುಕೊಡಲಿಲ್ಲ ಅಂದರೆ ತೊಟ್ಟಿಲ ಕಾರ್ಯದ ಆರ್ಡರ್ ಕೂಡ ಅವನಿಗೇ ಕೊಟ್ಟುಬಿಡಿ. ಎರಡೂ ಆಲ್ಬಮ್ ಒಟ್ಟಿಗೆ ಸಿಗುತ್ತವೆ.

ನಮ್ಮ ಬಂಧುಗಳ ಮದುವೆಯೊಂದರಲ್ಲಿ ಹೆಣ್ಣು ಒಪ್ಪಿಸುವ ಹೊತ್ತು. ತಾಯಿ ಮಗಳ ಕೈಯನ್ನು ಬೀಗಿತ್ತಿಯ ಕೈಯಲ್ಲಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಲೆನ್ಸ್ ಬದಲಿಸುತ್ತಿದ್ದವನು ತಲೆ ಎತ್ತಿ, 'ಅಮ್ಮಾ, ಅದನ್ನ ಇನ್ನೊಮ್ಮೆ ಮಾಡ್ರಿ' ಅಂದ. ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಮಗಳ ಕೈ ಹಿಡಿದಳು. ಒಬ್ಬರೂ ಬೈಯಲಿಲ್ಲ. ಇದರಲ್ಲಿ ನಗುವಂಥದ್ದು ನನಗೇನೂ ಕಾಣುವುದಿಲ್ಲ. ನಾಚಿಕೆ ಅನ್ನೋದು ಇರಬೇಕು. ಆ ಹುಡುಗನಿಗಲ್ಲ, ಅವನು ದಿನದ ಲೆಕ್ಕಕ್ಕೆ ಬಂದವನು. ಸಾಲ ಮಾಡಿ ಅವನನ್ನು ಕರೆಸಿ, ಮಂಟಪ ಹತ್ತಿಸಿ, ಅವನು ಹೇಳಿದಂತೆ ಕುಣಿಯುವ ನಮಗೆ. ಮೆಣಸಿನಕಾಯಿಗೆ ರೇಟು ಬಿದ್ದ ವರ್ಷವೂ ಈ ಪ್ಯಾಕೇಜಿಗೆ ರೇಟು ಬೀಳುವುದಿಲ್ಲ. ನೆನಪಿಗೆ ಸಾಕಾಗುವುದು ಒಂದು ಜೋಡಿ ಫೋಟೊ. ಉಳಿದದ್ದರ ಬಡ್ಡಿಯನ್ನು ಹುಡುಗಿಯ ಅಪ್ಪ ಕಟ್ಟುತ್ತಾನೆ.

ತಾಳಿ ಕಟ್ಟುವಾಗ ಮಂಟಪದ ಮುಂದೆ ಇವರೇ ಗೋಡೆ ಕಟ್ಟಿ ನಿಲ್ಲುತ್ತಾರೆ. ನಾವು ಎಸೆದ ಅಕ್ಕಿಕಾಳೆಲ್ಲ ಬೀಳುವುದು ಅವರ ಬೆನ್ನಿಗೆ. ಅಷ್ಟು ಆಶೀರ್ವಾದ ಹೊತ್ತು ತಿರುಗುವ ಹುಡುಗರಿಗೇ ಇನ್ನೂ ಕನ್ಯೆ ಸಿಕ್ಕಿಲ್ಲವಂತೆ. 'ಹಿಂದ ಕುಂತ ಮಂದಿಗೆ ಏನೂ ಕಾಣಂಗಿಲ್ಲಲ್ಲಪ್ಪಾ' ಅಂತ ಅವರಲ್ಲಿ ಒಬ್ಬನನ್ನು ಕೇಳಿದೆ.

'ಅದಕ್ಕ ಎಲ್‌ಇಡಿ ವಾಲ್ ಐತಲ್ರಿ ಕಾಕಾ' ಅಂದ. 'ಅದು ಪ್ಯಾಕೇಜ್‌ನಾಗ ಬರಂಗಿಲ್ಲ, ಅದಕ್ಕ ಬ್ಯಾರೆ ರೇಟು.'