ಗ್ರೂಪಿನಲ್ಲಿ ಜಾತ್ರೆ, ಬೂತಿನಲ್ಲಿ ಬಿಕೋ

ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಬಂದ ಹೊಸತರಲ್ಲಿ ಇಲ್ಲಿನ ಚುನಾವಣೆ ನನಗೆ ಸಪ್ಪೆ ಎನಿಸಿತ್ತು. ಶನಿವಾರ ಮತದಾನ. ಜನ ಹತ್ತಿರದ ಶಾಲೆಗೆ ಹೋಗಿ ವೋಟು ಹಾಕುತ್ತಾರೆ, ಹೊರಗೆ ಮಾರುವ ಸಾಸೇಜ್ ತಿಂದು ಅದರ ಫೋಟೊ ಇನ್‌ಸ್ಟಾಗ್ರಾಮ್‌ಗೆ ಏರಿಸುತ್ತಾರೆ. ಅಭ್ಯರ್ಥಿಗಿಂತ ಸಾಸೇಜಿಗೇ ಲೈಕು ಜಾಸ್ತಿಯೇನೋ!

ಹಾಗಂತ ಇವರು ನಮಗಿಂತ ಪ್ರಜ್ಞಾವಂತರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1922ರಲ್ಲಿ ಇಲ್ಲಿ ಶೇ 60ರಷ್ಟೂ ಮತದಾನ ಆಗಿರಲಿಲ್ಲ. 1924ರಲ್ಲಿ ಕಡ್ಡಾಯ ಮಾಡಿದರು, ಮರುವರ್ಷವೇ ಶೇ 91 ದಾಟಿತು. ಈಗಲೂ ಸಕಾರಣವಿಲ್ಲದೆ ತಪ್ಪಿಸಿಕೊಂಡರೆ ಫೆಡರಲ್, ಅಂದರೆ ಇಡೀ ದೇಶದ ಚುನಾವಣೆಗೆ 20 ಡಾಲರ್ ದಂಡ. ಜನರನ್ನು ಬೂತಿಗೆ ಕರೆತರುವ ಕೆಲಸವನ್ನು ಕಾನೂನೇ ಮಾಡುತ್ತದೆ. ಸೋಷಿಯಲ್ ಮೀಡಿಯಾಗೆ ಉಳಿದಿರುವುದು ಯಾರಿಗೆ ಹಾಕಬೇಕೆಂಬ ಜಗಳ ಮಾತ್ರ.

ನಮ್ಮಲ್ಲಿ ದಂಡದ ಭಯವಿಲ್ಲ, ಜಗಳಕ್ಕಂತೂ ಕೊರತೆಯೇ ಇಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ, ಹೊತ್ತುಹೊತ್ತಿಗೂ ಮೊಬೈಲ್ ನೋಡುವ ಬೆಂಗಳೂರು ದಕ್ಷಿಣದಲ್ಲಿ ಮತದಾನ ಶೇ 53ರ ಆಸುಪಾಸಿಗೆ ನಿಂತಿತು. ಮಂಡ್ಯದಲ್ಲಿ ಶೇ 81 ದಾಟಿತು. ಬೆಂಗಳೂರಿನ ಪಟ್ಟಿಯಲ್ಲಿ ಮನೆ ಬದಲಿಸಿದವರ ಹೆಸರುಗಳೂ ಉಳಿದಿರುತ್ತವೆ, ನಿಜ. ಆದರೂ ಇಷ್ಟೊಂದು ಅಂತರಕ್ಕೆ ಅದೊಂದೇ ಕಾರಣ ಅನ್ನಲಾಗದು. ಮಂಡ್ಯದವರ ಕೈಯಲ್ಲೂ ಮೊಬೈಲ್ ಇದೆ; ಅದರ ಜೊತೆಗೆ ಬಾಗಿಲಿಗೇ ಬಂದು ‘ಏನಣ್ಣ, ಇನ್ನೂ ಹೋಗಿಲ್ವಾ?’ ಎಂದು ಕೇಳುವವರೂ ಇದ್ದಾರೆ.

2010ರ ಅಮೆರಿಕದ ಚುನಾವಣೆ ದಿನ ಫೇಸ್‌ಬುಕ್ ಸುಮಾರು 6.1 ಕೋಟಿ ಜನರ ಮೇಲೆ ನಡೆಸಿದ ಪ್ರಯೋಗವೂ ಇದನ್ನೇ ಹೇಳಿತು. ಬರೀ ‘ಮತ ಹಾಕಿ’ ಎಂಬ ಸಂದೇಶದಿಂದ ಏನೂ ಆಗಲಿಲ್ಲ. ಮತ ಹಾಕಿದ ಗೆಳೆಯರ ಮುಖಗಳನ್ನು ಜೊತೆಗೆ ತೋರಿಸಿದಾಗ ಮಾತ್ರ ಇನ್ನೊಂದಿಷ್ಟು ಜನ ಎದ್ದು ಹೊರಟರು, ಅದರಲ್ಲೂ ಆಪ್ತರ ಪ್ರಭಾವವೇ ದೊಡ್ಡದು.

ಇನ್ನು ನಮ್ಮ ಹೊರನಾಡಿನವರ ಕಥೆ. ವಾಟ್ಸಾಪ್ ಗ್ರೂಪುಗಳಲ್ಲಿ ಊರಿನವರಿಗಿಂತ ನಮ್ಮದೇ ಆರ್ಭಟ. ಆದರೆ 2024ರಲ್ಲಿ ಭಾರತದ ಪಟ್ಟಿಯಲ್ಲಿದ್ದ ಸುಮಾರು 1.19 ಲಕ್ಷ ಅನಿವಾಸಿ ಮತದಾರರಲ್ಲಿ ಮತ ಹಾಕಿದವರು 3,000 ಕೂಡ ಇಲ್ಲ, ಅವರಲ್ಲೂ ಹೆಚ್ಚಿನವರು ಕೇರಳದವರು. ಪಾಸ್‌ಪೋರ್ಟ್ ಹಿಡಿದು ಖುದ್ದಾಗಿ ಬೂತಿಗೇ ಹೋಗಬೇಕೆಂಬ ನಿಯಮ ಕಷ್ಟದ್ದೇ. ಬದಲಿ ವ್ಯಕ್ತಿಯಿಂದ ಮತ ಹಾಕಿಸುವ ಮಸೂದೆ 2018ರಲ್ಲಿ ಲೋಕಸಭೆ ದಾಟಿತಾದರೂ ಅಲ್ಲಿಂದ ಮುಂದೆ ಹೋಗಲಿಲ್ಲ.

ಅದು ಬರುವ ತನಕ ನಾವು ಭಾಷಣದ ತುಣುಕುಗಳನ್ನು ಫಾರ್ವರ್ಡ್ ಮಾಡುವುದು ಬಿಟ್ಟು, ಪಟ್ಟಿಯಲ್ಲಿ ಹೆಸರು ಇದೆಯೋ ಇಲ್ಲವೋ ನೋಡು ಅಂತ ಬೆಂಗಳೂರಿನ ತಮ್ಮನಿಗೋ ಅತ್ತಿಗೆಗೋ ಹೇಳಬಹುದು. ಚುನಾವಣೆ ದಿನ ಬೆಳಿಗ್ಗೆ ಫೋನು ಮಾಡಿ ‘ಹೊರಟ್ಯಾ?’ ಎಂದೂ ಕೇಳಬಹುದು.